ಗಡಿಗೆಯ ಉದಾಹರಣೆ

ಮೂರನೆಯ ಮಹಡಿಯ ಆ ಬಾಗಿಲು ಯಾವತ್ತೂ ಒಂದೇ ಸಲಕ್ಕೆ ತೆರೆದದ್ದಿಲ್ಲ. ಗಂಟೆ ಒತ್ತಿದ ಮೇಲೆ ಒಳಗೆ ಹೆಜ್ಜೆ ಸದ್ದು, ಆಮೇಲೆ ಚಿಲಕ, ಆಮೇಲೆ ಒಂದು ಗೇಣು ಸಂದಿ, ಸಂದಿಯಲ್ಲಿ ಅಮ್ಮನ ಅರ್ಧ ಮುಖ. ಅಲ್ಲಿಂದ ಮುಂದೆ ಬಾಗಿಲು ಏನನ್ನೋ ಮೆಲ್ಲಗೆ ತಳ್ಳಿಕೊಂಡು ಬರುವಂತೆ ಒಳಕ್ಕೆ ಸರಿದು ಅರ್ಧಕ್ಕೆ ನಿಲ್ಲುತ್ತಿತ್ತು. ಬಂದವರು ಮೈ ಓರೆ ಮಾಡಿ ನುಸುಳಬೇಕು. ಮೂವತ್ತೊಂದು ವರ್ಷ ಹಾಗೆ ನುಸುಳಿ ಅವನಿಗೆ ಅಭ್ಯಾಸವಾಗಿಹೋಗಿತ್ತು. ಇವತ್ತು ಮಾತ್ರ ಕಂಕುಳಲ್ಲಿದ್ದ ದಪ್ಪ ಫೈಲು ಬಾಗಿಲ ಚೌಕಟ್ಟಿಗೆ ಸಿಕ್ಕಿಹಾಕಿಕೊಂಡು, ಅದನ್ನು ಬಿಡಿಸಿಕೊಳ್ಳುವಾಗ ಅಂಗಿಯ ಜೇಬಿನ ಕಾಗದ ಸರಕ್ಕೆಂದಿತು. "ಯಾರು, ಕತ್ತರೀನಾ?" ಎಂದರು ಅಮ್ಮ, ಆ ಮನೆಯಲ್ಲಿ ಅವನ ಅಡ್ಡಹೆಸರು ಅದು. ಎಡಗಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಹತ್ತಿಯ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಕಪ್ಪು ಕನ್ನಡಕ. ಬಲಗಣ್ಣಿನ ಸರದಿ ಮುಂದಿನ ತಿಂಗಳು, ಅಲ್ಲಿಯತನಕ ಅದಕ್ಕೂ ಬರೀ ಮಂಜು. "ಹೌದಮ್ಮ, ನಾನೇ," ಎಂದು ಚಪ್ಪಲಿ ಬಿಟ್ಟ. ಬಿಟ್ಟವನು ಬಗ್ಗಿ, ಎರಡನ್ನೂ ಎತ್ತಿ, ಬಾಗಿಲಿನಿಂದ ಆದಷ್ಟು ದೂರ, ಗೋಡೆಗೆ ಒತ್ತಿ ಇಟ್ಟ. ಇದೂ ಮೂವತ್ತೊಂದು ವರ್ಷದ ಅಭ್ಯಾಸವೇ. ಯಾಕೆ ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಶಿಸ್ತಿನ ಮನುಷ್ಯ ಎಂದುಕೊಂಡಿದ್ದರು.

ಅಮ್ಮ ಎಂದರೆ ಮೇಷ್ಟ್ರ ಹೆಂಡತಿ. ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಯಿತು. ಅವರು ಕೂರುತ್ತಿದ್ದ ಬೆತ್ತದ ಕುರ್ಚಿ ಕಿಟಕಿಯ ಪಕ್ಕದಲ್ಲೇ ಇತ್ತು, ಅದರ ಕೈಯ ಮೇಲೆ ಪೆನ್ಸಿಲಿನಿಂದ ತಟ್ಟಿ ತಟ್ಟಿ ಆದ ಕಪ್ಪು ಗುರುತೂ ಇತ್ತು. ಕುರ್ಚಿಯ ಮೇಲೆ ಯಾರೂ ಕೂರದಿರಲಿ ಎಂದೋ ಏನೋ, ಒಗೆದು ಮಡಿಸಿದ ಬಟ್ಟೆ ಪೇರಿಸಿದ್ದರು. ಅವನು ಎದುರಿನ ಬೆಂಚಿನ ಮೇಲೆ, ಶಿಷ್ಯರು ಕೂರುತ್ತಿದ್ದ ಜಾಗದಲ್ಲಿ, ಶಿಷ್ಯರು ಕೂರುತ್ತಿದ್ದ ಹಾಗೆಯೇ ಅಂಚಿಗೆ ಕೂತ. ಐವತ್ತೇಳು ವರ್ಷದವನು, ಮಂಡಿನೋವಿನವನು, ಹೀಗೆ ಅಂಚಿಗೆ ಕೂರುವುದನ್ನು ಯಾರಾದರೂ ನೋಡಿದರೆ ನಕ್ಕಾರು ಅನ್ನಿಸಿ ಸ್ವಲ್ಪ ಹಿಂದೆ ಸರಿದ. ಬೆಂಚು ಕಿರ್ ಎಂದಿತು. ಮತ್ತೆ ಮುಂದೆ ಬಂದ. ಫೈಲಿನಲ್ಲಿದ್ದದ್ದು ವಿಶ್ವವಿದ್ಯಾಲಯದ ಕಾಗದಗಳು. ಮೇಷ್ಟ್ರ ಏಳೂ ಪುಸ್ತಕಗಳನ್ನು ಸೇರಿಸಿ ಒಂದೇ ಸಂಪುಟ ತರುತ್ತಾರೆ, ಸಂಪಾದಕ ಅವನು. ಪುಸ್ತಕಕ್ಕೊಂದರಂತೆ ಏಳು ಒಪ್ಪಿಗೆ ಪತ್ರಗಳಿಗೆ ಅಮ್ಮ ಸಹಿ ಹಾಕಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಹಾಗಿದ್ದ ಮೇಲೆ ಬೆಳಿಗ್ಗೆ ಹಳೇ ನಿಘಂಟಿನ ನಡುವಿನಿಂದ ಆ ಹಾಳೆಯನ್ನು ತೆಗೆದದ್ದೇಕೆ, ಮತ್ತೆ ಒಳಗಿಟ್ಟದ್ದೇಕೆ, ಬಸ್ಸಿಗೆ ಹೊತ್ತಾಯಿತೆಂದು ಬೀಗ ಹಾಕಿದವನು ಬೀಗ ತೆಗೆದು ಮತ್ತೆ ಒಳಗೆ ಹೋಗಿ ಅದನ್ನು ಜೇಬಿಗೆ ಸೇರಿಸಿಕೊಂಡದ್ದೇಕೆ? ಬಸ್ಸಿನಲ್ಲಿ ಉದ್ದಕ್ಕೂ, ಜೇಬುಗಳ್ಳರಿಗೆ ಹೆದರಿದವನ ಹಾಗೆ, ಎದೆಯ ಮೇಲೆ ಕೈಯಿಟ್ಟುಕೊಂಡೇ ಬಂದಿದ್ದ.

"ಓದ್ತಾ ಹೋಗು, ಸಹಿ ಹಾಕ್ತಾ ಹೋಗ್ತೀನಿ," ಎಂದರು ಅಮ್ಮ. "ಬೆರಳಿಟ್ಟು ತೋರಿಸು ಎಲ್ಲಿ ಅಂತ. ಕೋಳಿ ಕೆದಕಿದ ಹಾಗೆ ಬಂದ್ರೆ ಅವರು ಒಪ್ಕೋತಾರೇನು?"

"ಒಪ್ಕೋತಾರಮ್ಮ. ಕೆಳಗೆ ನಾನು ಸಾಕ್ಷಿ ಹಾಕ್ತೀನಿ."

ಮೊದಲನೆಯದರ ಹೆಸರು ಓದಿದ, ಸಹಿಯಾಯಿತು. ಎರಡನೆಯದು. ಮೂರನೆಯದು. ಅಮ್ಮ ಪೆನ್ನನ್ನು ಸೌಟು ಹಿಡಿದ ಹಾಗೆ ಹಿಡಿದಿದ್ದರು. ನಾಲ್ಕನೆಯದರ ಹೆಸರು ಓದಿದಾಗ ಪೆನ್ನಿನ ಮುಚ್ಚಳ ಹಾಕಿದರು. "ಗಡಿಗೆ ಪುಸ್ತಕ ಬೇಡ," ಎಂದರು.

ಇಲ್ಲದಿರುವಿಕೆಯ ಬಗ್ಗೆ ಮೇಷ್ಟ್ರು ಬರೆದ ಆ ಪುಸ್ತಕಕ್ಕೆ ಅಮ್ಮ ಇಟ್ಟ ಹೆಸರು ಅದು. ಇಲ್ಲದ್ದನ್ನು ನಾವು ಅರಿಯುವುದು ಹೇಗೆ, ಇಲ್ಲ ಎನ್ನುವುದು ಬರೀ ಊಹೆಯೋ ಅಥವಾ ಕಣ್ಣಿಗೆ ಕಾಣುವಂಥದ್ದೋ ಎಂದು ಇನ್ನೂರ ನಲವತ್ತು ಪುಟ. ಮೇಷ್ಟ್ರ ಹೆಸರು ನಾಲ್ಕು ಕಡೆ ಗೊತ್ತಾದದ್ದೇ ಆ ಪುಸ್ತಕದಿಂದ. 'ಸ್ಫಟಿಕದಂಥ ಮನಸ್ಸು' ಎಂದು ಒಬ್ಬರು ಬರೆದಿದ್ದರು. 'ಮನುಷ್ಯನ ಉಸಿರು ತಾಗದ ಗದ್ಯ' ಎಂದು ಇನ್ನೊಬ್ಬರು, ಹೊಗಳಿಕೆಯೆಂದೇ. ಅದರ ಐವತ್ತೆರಡನೆಯ ಪುಟದ ಗಡಿಗೆಯನ್ನಂತೂ ಪಾಠ ಹೇಳುವವರೆಲ್ಲ ಎತ್ತಿಕೊಂಡರು. ಅದಿಲ್ಲದೆ ಸಂಪುಟ ತಂದರೆ ಮನೆ ಕಟ್ಟಿಸಿ ಅಡುಗೆಮನೆ ಮರೆತ ಹಾಗೆ. ಇದನ್ನೆಲ್ಲ ಹೇಳಲು ಬಾಯಿ ತೆರೆದ. "ಅಮ್ಮ, ಅದು ಮೇಷ್ಟ್ರ ಮುಖ್ಯವಾದ..." ಎಂದ.

"ಮುಖ್ಯ ಅಂತ ನಂಗೂ ಗೊತ್ತು ಕಣೋ. ಅದಕ್ಕೇ ಬೇಡ ಅಂದಿದ್ದು."

ಮೇಷ್ಟ್ರು ತರಗತಿಯಲ್ಲಿ ಒಮ್ಮೆ ಹೇಳಿದ್ದರು: ಒಬ್ಬ ತತ್ವಜ್ಞಾನಿಯನ್ನು ಸರಿಯಾಗಿ ಓದಿದರೆ ಅವನ ಮನೆಯ ಕಿಟಕಿ ಯಾವ ದಿಕ್ಕಿಗಿತ್ತು ಅಂತ ಗೊತ್ತಾಗಬೇಕು. ಕಾಲದ ಬಗ್ಗೆ ಸಾವಿರ ಪುಟ ಬರೆದೋನು ಯಾರಿಗೋ ಕಾದಿರ್ತಾನೆ. ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಬಡ್ಕೊಳ್ಳೋನ ಅಮ್ಮ ಬಹುಶಃ ಐದು ಗಂಟೆಗೇ ಬಾಗಿಲು ಹಾಕ್ತಿದ್ರು. ಎಲ್ಲರೂ ನಕ್ಕರು. ಕೊನೆಯ ಸಾಲಿನಲ್ಲಿ ಅವನೊಬ್ಬ ಎದ್ದು ನಿಂತು, ಕಿವಿ ಕೆಂಪಾಗಿ, "ಹಾಗಾದ್ರೆ ಅದು ತತ್ವ ಹೇಗಾಗುತ್ತೆ ಸರ್? ಅದು ಚಾಡಿ ಆಗುತ್ತೆ. ಎರಡೂ ಎರಡೂ ನಾಲ್ಕು ಅನ್ನೋದು ಯಾರ ಮನೇದೂ ಅಲ್ಲ," ಎಂದಿದ್ದ. ಮೇಷ್ಟ್ರು ಪೆನ್ಸಿಲಿನಿಂದ ಮೇಜು ತಟ್ಟಿ ಅವನನ್ನೇ ನೋಡಿದರು. "ನೀನು ಕತ್ತರಿ ಕಣಯ್ಯ," ಎಂದರು, "ಸಂಜೆ ಮನೆಗೆ ಬಾ, ನನ್ನ ಬರವಣಿಗೆ ನೋಡು." ಹೆಸರು ಅಂಟಿಕೊಂಡಿತು. ಅವನ ಅಪ್ಪ ದರ್ಜಿ ಎಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬಿಬ್ಬರು ಮಾತ್ರ ಇನ್ನೂ ಜೋರಾಗಿ ನಕ್ಕರು. ಅಪ್ಪ. ಏಳನೆಯ ತರಗತಿಯ ಲೆಕ್ಕದ ಪಾಠ ನಡೆಯುತ್ತಿದ್ದಾಗ ಶಾಲೆಯ ಮೊಗಸಾಲೆಯಲ್ಲಿ ಬಂದು ನಿಂತ ಅಪ್ಪ, ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ನೇತಾಡುತ್ತಿತ್ತು, ಅಂಗಿಗೆ ಸೂಜಿ ಚುಚ್ಚಿದ್ದು ಹಾಗೆಯೇ ಇತ್ತು. ಹೆತ್ತವಳು ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿದ್ದಳು, ಅದನ್ನು ಹೇಳಲು ಬಂದದ್ದು. ಹೇಳಲಾಗದೆ ಬಾಯಿ ಬಿಟ್ಟು, ಗಂಡಸು ಅನ್ನುವುದು ಮರೆತು, ಓ ಎಂದು ಅಳತೊಡಗಿದ. ಎಲ್ಲ ಕಿಟಕಿಗಳಲ್ಲೂ ಮುಖಗಳು. ಅವನು ತನ್ನ ಲೆಕ್ಕದ ಪುಸ್ತಕವನ್ನೇ ನೋಡುತ್ತ ಕೂತ. ಪಕ್ಕದವನು "ಯಾರೋ ಅದು?" ಎಂದು ಕೇಳಿದಾಗ "ಗೊತ್ತಿಲ್ಲ" ಎಂದಿದ್ದ. ತಾಯಿ ಸತ್ತಳೆಂದು ಆಗಿನ್ನೂ ತಿಳಿದಿರಲಿಲ್ಲ, ಅಷ್ಟು ಮಟ್ಟಿಗೆ ಕ್ಷಮೆಯಿದೆ ಎಂದು ಆಮೇಲಾಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಎರಡೂ ಎರಡೂ ನಾಲ್ಕು ಅಳುವುದಿಲ್ಲ ಎಂಬುದು ಅವನಿಗೆ ಅವತ್ತೇ ಹಿಡಿಸಿಬಿಟ್ಟಿತ್ತು.

"ನೀನು ಮಗೂನ ನೋಡಿದ್ದೆಯಲ್ಲ?" ಅಮ್ಮ ಕೇಳುತ್ತಿದ್ದರು.

"ನೋಡಿದ್ದೆನಮ್ಮ. ನನ್ನ ಹೆಗಲ ಮೇಲೆ ಕೂರ್ತಿದ್ದ."

"ಆರು ವರ್ಷ. ಮೂರು ದಿನದ ಜ್ವರ." ಅಮ್ಮ ಪೆನ್ನನ್ನು ಬೆಂಚಿನ ಮೇಲೆ ಇಟ್ಟರು, ಅದು ಉರುಳಿತು, ಅವನು ಹಿಡಿದ. "ಎಂಟನೇ ದಿನ ಕಣೋ. ಎಂಟೇ ದಿನ. ನಂಗೆ ಎದ್ದು ತಲೆ ಬಾಚ್ಕೊಳ್ಳೋಕೆ ಕೈ ಬರ್ತಿರ್ಲಿಲ್ಲ. ಇವರು ಬೆಳಿಗ್ಗೆ ಎದ್ದು, ಮುಖ ತೊಳ್ಕೊಂಡು, ಕುರ್ಚೀಲಿ ಕೂತ್ಕೊಂಡು ಬರೆಯೋಕೆ ಶುರು ಮಾಡಿದ್ರು. ನಾನು ನೀರು ತಗೊಂಡು ಹೋದೆ. ಹಿಂದೆ ನಿಂತೆ. ನನ್ನ ನೆರಳು ಬಿದ್ದಿದ್ದೇ ತಡ, ಕಾಗದಕ್ಕೆ ಮೊಣಕೈ ಅಡ್ಡ ಇಟ್ಟು ಮುಚ್ಚಿಕೊಂಡ್ರು. ಪರೀಕ್ಷೇಲಿ ಪಕ್ಕದೋನು ನೋಡ್ಬಾರ್ದು ಅಂತ ಹುಡುಗ್ರು ಮುಚ್ಕೋತಾರಲ್ಲ, ಹಾಗೆ. ಲೋಟ ಅಲ್ಲೇ ಕುಕ್ಕಿ ಬಂದೆ. ಒಂದು ಮಾತಾಡ್ಲಿಲ್ಲ. ಆಯ್ತು, ಬರೀಲಿ, ಏನು ಬರೀತಾರೆ ನೋಡೋಣ ಅಂದ್ಕೊಂಡೆ. ಪುಸ್ತಕ ಬಂತು. ನಾನೇನು ಓದಿದೋಳಲ್ಲ. ಆದ್ರೂ ಹಾಳೆ ಹಾಳೆ ಮಗುಚಿ ನೋಡಿದೆ, ಎಲ್ಲಾದ್ರೂ ಮಗು ಅನ್ನೋ ಮಾತಿದೆಯಾ ಅಂತ. ಮಗು ಇಲ್ಲ. ಮನೆ ಇಲ್ಲ. ನಾನಿಲ್ಲ. ಗಡಿಗೆ ಇದೆ! ನೆಲದ ಮೇಲೆ ಗಡಿಗೆ ಇಲ್ಲ, ಗಡಿಗೆ ಇಲ್ಲ ಅಂತ ಇದೆ. ಮಗ ಹೋದ ವರ್ಷ ಈ ಮನುಷ್ಯ ಗಡಿಗೆ ಇಲ್ಲ ಅಂತ ಯೋಚನೆ ಮಾಡ್ತಾ ಕೂತಿದ್ರಾ?" ಅಮ್ಮ ನಕ್ಕರು. ಕಪ್ಪು ಕನ್ನಡಕದ ಕೆಳಗೆ ಬಾಯಿ ಮಾತ್ರ ನಗುವುದು ನೋಡಲು ಕಷ್ಟವಾಗಿ ಅವನು ಕುರ್ಚಿಯ ಮೇಲಿನ ಬಟ್ಟೆಯ ಕಡೆ ತಿರುಗಿದ. "ಆ ಪುಸ್ತಕ ಬಂದ್ಮೇಲೆ ನಾನು ಅವರ ಜೊತೆ ಸಂಸಾರ ಮಾಡಿದೆ. ಅನ್ನ ಹಾಕಿದೆ, ಬಟ್ಟೆ ಒಗೆದೆ, ಕೊನೇಲಿ ಮಗ್ಗುಲು ಬದಲಾಯಿಸಿದೆ. ಆದ್ರೆ ಹೃದಯ ಅಂತ ಏನಿತ್ತೋ ಅದನ್ನ ಎತ್ತಿ ಬೇರೆ ಇಟ್ಬಿಟ್ಟೆ."

ಹಸ್ತಪ್ರತಿ ಅವನ ಕೈಗೆ ಬಂದದ್ದು ಅದೇ ವರ್ಷದ ಕೊನೆಯಲ್ಲಿ. ಎಲ್ಲ ಬರವಣಿಗೆಯನ್ನೂ ಮೇಷ್ಟ್ರು ಅವನಿಗೆ ಕೊಡುತ್ತಿದ್ದರು. ಅವನು ಓದಿ, ಎಲ್ಲಿ ವಾದ ಸಡಿಲವೋ ಅಲ್ಲಿ ಗೆರೆ ಹೊಡೆಯುತ್ತಿದ್ದ, ಅಂಚಿನಲ್ಲಿ ಬೇರೆ ವಾಕ್ಯ ಬರೆಯುತ್ತಿದ್ದ. ಮೇಷ್ಟ್ರು ಅದನ್ನು ನೋಡಿ, ಒಪ್ಪದ ಕಡೆ ಹೊಡೆದ ಸಾಲಿನ ಕೆಳಗೆ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆ ಇಡುತ್ತಿದ್ದರು. ಅಚ್ಚುಕೂಟದವರಿಗೆಲ್ಲ ಗೊತ್ತಿರುವ ಗುರುತು ಅದು, ಹೊಡೆದದ್ದನ್ನು ಲೆಕ್ಕಿಸಬೇಡ, ಇದು ಇರಲಿ ಎಂದು ಅರ್ಥ. ಅವರ ಚುಕ್ಕೆಗಳು ಬಲು ತೆಳು, ಇರುವೆ ನಡೆದು ಹೋದ ಹಾಗೆ. ಆ ಸಲ ಐವತ್ತೆರಡನೆಯ ಪುಟಕ್ಕೆ ಬಂದಾಗ ಅವನಿಗೆ ಮೊದಲು ಆದದ್ದು ಮರುಕವಲ್ಲ. ಇದನ್ನು ಈಗಲಾದರೂ ಒಪ್ಪಿಕೊಳ್ಳಬೇಕು. ಆದದ್ದು ನಾಚಿಕೆ, ಆಮೇಲೆ ಸಿಟ್ಟು. ಐವತ್ತೊಂದು ಪುಟ ಒಂದೇ ಒಂದು ಬಿರುಕಿಲ್ಲದೆ ಬಂದ ವಾದ, ಇಲ್ಲಿ ಬಂದು ಬಾಯಿ ಬಿಟ್ಟುಕೊಂಡು ಮೊಗಸಾಲೆಯಲ್ಲಿ ನಿಂತುಬಿಟ್ಟಿತ್ತು. ಕಿಟಕಿಗಳಲ್ಲೆಲ್ಲ ಮುಖಗಳು. ಇವರನ್ನು ನೋಡಿ ನಗುತ್ತಾರೆ, ಇವರನ್ನು ನಾನು ಕಾಪಾಡಬೇಕು ಎಂದುಕೊಂಡ. ಕೆಂಪು ಪೆನ್ನಿನಿಂದ ಇಡೀ ಪ್ಯಾರಾ ಹೊಡೆದ. ಅಂಚಿನಲ್ಲಿ ತರ್ಕದ ಹಳೇ ಪುಸ್ತಕಗಳೆಲ್ಲ ಸಾವಿರ ವರ್ಷದಿಂದ ಉರುಳಿಸಿಕೊಂಡು ಬಂದ ಉದಾಹರಣೆಯನ್ನು ಬರೆದ: 'ನೆಲದ ಮೇಲೆ ಗಡಿಗೆ ಇಲ್ಲ ಎಂಬುದನ್ನು ನಾವು ಹೇಗೆ ಅರಿಯುತ್ತೇವೆ?' ಅಲ್ಲಿಂದ ಎಂಟು ಸಾಲು. ಚೆನ್ನಾಗಿಯೇ ಬರೆದಿದ್ದ. ಅವನ ಜೀವಮಾನದಲ್ಲಿ ಅಚ್ಚಾದ ಅವನ ಸ್ವಂತದ ಬರವಣಿಗೆ ಎಂದರೆ ಆ ಎಂಟು ಸಾಲು.

ಹಾಳೆ ವಾಪಸು ಬಂದಾಗ ಅದರಲ್ಲಿ ಚುಕ್ಕೆಗಳಿದ್ದವು. ಅವನು ಹೊಡೆದ ಹನ್ನೊಂದೂ ಸಾಲಿನ ಕೆಳಗೆ ಇದ್ದವು. "ಎಲ್ಲ ನೋಡಿದೀನಿ, ಅಚ್ಚಿಗೆ ಕೊಡು," ಎಂದರು ಮೇಷ್ಟ್ರು, ಅಷ್ಟೆ. ಅವನು ಅಚ್ಚುಕೂಟದ ಮೂಲೆಯ ಸ್ಟೂಲಿನ ಮೇಲೆ ಕೂತು, ಅಚ್ಚಿನ ಮೊಳೆ ಜೋಡಿಸುವವನು ಬೀಡಿ ಸೇದಲು ಹೊರಗೆ ಹೋದ ಹೊತ್ತಿನಲ್ಲಿ, ರಬ್ಬರ್ ತೆಗೆದುಕೊಂಡು ಒಂದೊಂದೇ ಚುಕ್ಕೆಯನ್ನು ಅಳಿಸಿದ. ಗುರುವಿಗೆ ಮೋಸ ಮಾಡುತ್ತಿದ್ದೇನೆಂದು ಒಂದು ಕ್ಷಣವೂ ಅನ್ನಿಸಲಿಲ್ಲ, ಅವರ ಕಣ್ಣೀರು ಒರೆಸುತ್ತಿದ್ದೇನೆ ಎಂದೇ ಅನ್ನಿಸಿತ್ತು. ರಬ್ಬರಿನ ಪುಡಿಯನ್ನು ಊದಿದ. ಗಡಿಗೆ ಅಚ್ಚಾಯಿತು, ಆ ಹಾಳೆ ಅವನ ನಿಘಂಟಿನ ನಡುವೆ ಸೇರಿತು. ಕರಡು ತಿದ್ದುವವನೂ ಅವನೇ ಆದ್ದರಿಂದ ಮೇಷ್ಟ್ರು ನೋಡಿದ್ದು ಹೊಲಿದು ಬಂದ ಪುಸ್ತಕವನ್ನೇ. ಐವತ್ತೆರಡನೆಯ ಪುಟವನ್ನು ತೆರೆದು ಬಹಳ ಹೊತ್ತು ನೋಡಿದರು. ಅವನು ಈ ಬೆಂಚಿನ ಅಂಚಿನಲ್ಲಿ ಬೈಗುಳಕ್ಕೆ ಕಾದು ಕೂತಿದ್ದ, ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದ. "ಗಡಿಗೆ ಚೆನ್ನಾಗಿ ಕೂತಿದೆ," ಎಂದರು ಮೇಷ್ಟ್ರು. ಪುಸ್ತಕ ಮುಚ್ಚಿದರು. ಬೈದಿದ್ದರೆ! ಕಪಾಳಕ್ಕೆ ಎರಡು ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಅದು ಮರೆತೇ ಹೋಗಿರುತ್ತಿತ್ತು. ಆಮೇಲೆ ಬರೆದ ಮೂರು ಪುಸ್ತಕಗಳಲ್ಲಿ ಅವನು ಹೊಡೆದು ಹಾಕುವಂಥದ್ದು ಏನೂ ಇರಲಿಲ್ಲ. ಮೇಷ್ಟ್ರು ತಾವಾಗಿಯೇ ಗಡಿಗೆ, ಹಗ್ಗ, ಬಟ್ಟೆ, ಹೊಗೆ ಎಂದು ಬರೆಯತೊಡಗಿದ್ದರು. ಕಿಟಕಿ ಯಾವ ದಿಕ್ಕಿಗಿತ್ತೆಂದು ಯಾರಪ್ಪನಿಗೂ ತಿಳಿಯುವಂತಿರಲಿಲ್ಲ. ಅವನು ಅದನ್ನು ತನ್ನ ಗೆಲುವೆಂದೇ ಬಹಳ ವರ್ಷ ತಿಳಿದಿದ್ದ. ಅಪ್ಪ ಸತ್ತಾಗ, ಅಂಗಡಿಯ ಹೊಲಿಗೆ ಯಂತ್ರದ ಮುಂದೆ ನಿಂತು ಅಳಲು ಪ್ರಯತ್ನಪಟ್ಟು, ಬಾರದೆ, ಸೂಜಿಪೆಟ್ಟಿಗೆಯನ್ನು ಯಾರಿಗೋ ಕೊಟ್ಟು ಬಂದ. ಯಾವಾಗಿನಿಂದ ಆ ಹಾಳೆ ಕನಸಿನಲ್ಲಿ ಬರತೊಡಗಿತೆಂದು ಸರಿಯಾಗಿ ನೆನಪಿಲ್ಲ, ಬಹುಶಃ ಆಮೇಲೆಯೇ.

"ಒಂದ್ಸಲ ನಿನ್ನ ಕೇಳಿದ್ದೆ ನಾನು, ನೆನಪಿದೆಯಾ?" ಎಂದರು ಅಮ್ಮ. "ಪುಸ್ತಕ ಬಂದ ಹೊಸದರಲ್ಲಿ. ಅಡುಗೆಮನೆ ಬಾಗಿಲ ಹತ್ರ. ಅವರ ಕಾಗದ ಎಲ್ಲ ನೋಡೋನು ನೀನು, ಎಲ್ಲಾದ್ರೂ ಮಗು ವಿಷಯ ಒಂದು ಸಾಲಾದ್ರೂ ಬರೆದಿದ್ರೇನೋ ಅಂತ."

ನೆನಪಿತ್ತು. ಅಮ್ಮನ ಕೈಯಲ್ಲಿ ಒದ್ದೆ ಬಟ್ಟೆಯಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಹೌದು ಎಂದಿದ್ದರೆ ಎಲ್ಲಿ ಎನ್ನುತ್ತಿದ್ದರು. ಅವನು ತಲೆ ತಗ್ಗಿಸಿ, ನೆಲದ ಮೇಲೆ ಬೀಳುತ್ತಿದ್ದ ಹನಿಗಳನ್ನು ನೋಡುತ್ತ, ಇಲ್ಲಮ್ಮ ಎಂದಿದ್ದ.

"ಇಲ್ಲಮ್ಮ ಅಂದೆ. ನೀನು ಸುಳ್ಳು ಹೇಳೋನಲ್ಲ. ಅವತ್ತಿಗೆ ನಾನು ಕೇಳೋದು ಬಿಟ್ಟೆ. ಈಗ ಅವರೇ ಇಲ್ಲ. ಮಿಕ್ಕ ಆರಕ್ಕೂ ಸಹಿ ಹಾಕ್ತೀನಿ, ತಗೊಂಡು ಹೋಗು. ಅದೊಂದು ನನ್ನ ಕೈಯಿಂದ ಆಗಲ್ಲ."

ಸುಮ್ಮನಿರಬಹುದಿತ್ತು. ಆರು ಪುಸ್ತಕದ ಸಂಪುಟವೂ ಸಂಪುಟವೇ. ಮುನ್ನುಡಿಯಲ್ಲಿ ಏನಾದರೂ ಕಾರಣ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಅದೂ ಅಲ್ಲದೆ ಇಷ್ಟು ವರ್ಷ ಹೊತ್ತ ಸಿಟ್ಟನ್ನು ಈ ವಯಸ್ಸಿನಲ್ಲಿ, ಕಣ್ಣು ಕಟ್ಟಿಕೊಂಡು ಕೂತ ಹೆಂಗಸಿನ ಕೈಯಿಂದ ಕಿತ್ತುಕೊಂಡರೆ ಅವಳಿಗೆ ಉಳಿಯುವುದಾದರೂ ಏನು, ಆ ಸಿಟ್ಟೇ ಊರುಗೋಲಾಗಿರಬಹುದಲ್ಲ ಎಂದು ತುಂಬ ಕರುಣೆಯ ಒಂದು ವಾದ ಅವನ ತಲೆಯಲ್ಲಿ ಸಿದ್ಧವಾಗುತ್ತಿತ್ತು. ಬಿರುಕಿಲ್ಲದ ವಾದ. ಅದರ ನುಣುಪು ನೋಡಿಯೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಜೇಬಿಗೆ ಕೈ ಹಾಕಿದ. "ಅಮ್ಮ, ನನ್ನ ಹತ್ರ ಒಂದು ಹಾಳೆ ಇದೆ," ಎಂದ.

"ಯಾವ ಹಾಳೆ?"

"ಮೇಷ್ಟ್ರು ಅವತ್ತು ಮೊಣಕೈ ಅಡ್ಡ ಇಟ್ಟುಕೊಂಡು ಬರೀತಿದ್ರಲ್ಲ, ಅದು."

ಕೆಳಗೆ ರಸ್ತೆಯಲ್ಲಿ ಯಾರೋ ಮೋಟಾರು ಬೈಕನ್ನು ಒದ್ದು ಒದ್ದು, ಚಾಲೂ ಆಗದೆ, ಬೈದುಕೊಂಡರು. "ಓದು," ಎಂದರು ಅಮ್ಮ.

ಹಾಳೆಯನ್ನು ಬಿಡಿಸಿ ಮಂಡಿಯ ಮೇಲೆ ಸರಿಮಾಡಿದ. ಮಡಿಕೆ ಸವೆದು ಅಲ್ಲಲ್ಲಿ ಬೆಳಕು ಕಾಣುತ್ತಿತ್ತು. ಬಾಯಿ ತೆರೆದ. "ನೆಲದ ಮೇಲೆ ಗಡಿಗೆ ಇಲ್ಲ ಎಂಬುದನ್ನು..." ಎಂದಿತು ಬಾಯಿ. ಅಂಚಿನಲ್ಲಿದ್ದ ತನ್ನದೇ ಕೆಂಪು ಅಕ್ಷರ, ಮೂವತ್ತೊಂದು ವರ್ಷ ತರಗತಿಗಳಲ್ಲಿ ಬಾಯಿಪಾಠವಾದ ಸಾಲು, ತಡೆಯುವುದರೊಳಗೆ ಬಂದುಬಿಟ್ಟಿತ್ತು. ಅಮ್ಮನ ತುಟಿ ಬಿಗಿದದ್ದು ಕಂಡಿತು. "ಅಲ್ಲ, ಅದಲ್ಲ, ತಪ್ಪಾಯ್ತು," ಎಂದ. ಕೆಂಪು ಗೆರೆಯ ಕೆಳಗಿನ ಮೇಷ್ಟ್ರ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ಒಂದನೆಯ ತರಗತಿಯವನ ಹಾಗೆ, ಓದಿದ.

"ನನ್ನ ಮಗನಿಗೆ ಆರು ವರ್ಷವಾಗಿತ್ತು. ಹೊರಗಿನಿಂದ ಬಂದವನು ಚಪ್ಪಲಿಗಳನ್ನು ಬಾಗಿಲಿನ ಹಿಂದೆಯೇ ಕಳಚಿ ಓಡುತ್ತಿದ್ದ. ನಾನು ಬಂದು ಬಾಗಿಲು ತಳ್ಳಿದರೆ ಅವು ಅಡಿಯಲ್ಲಿ ಸಿಕ್ಕಿ ಬಾಗಿಲು ಅರ್ಧಕ್ಕೆ ನಿಲ್ಲುತ್ತಿತ್ತು. ದಿನಾ ಗದರುತ್ತಿದ್ದೆ. ಎಂಟು ದಿನದಿಂದ ಬಾಗಿಲು ಸಲೀಸಾಗಿ ತೆರೆಯುತ್ತಿದೆ. ಈ ಸಲೀಸು ನನ್ನ ಊಹೆಯಲ್ಲ, ಇದು ನನ್ನ ಕೈಗೆ ತಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಇಲ್ಲದಿರುವುದನ್ನು ನಾವು ಯೋಚಿಸಿ ತಿಳಿಯುವುದಲ್ಲ, ನೋಡುತ್ತೇವೆ ಎಂದು ನಾನು ವಾದಿಸುತ್ತೇನೆ. ಈ ವಾದಕ್ಕೆ ಸಾಕ್ಷಿ ನಾನೊಬ್ಬನೇ ಅಲ್ಲ. ನನ್ನ ಹೆಂಡತಿ ಈಗಲೂ ಆ ಬಾಗಿಲನ್ನು ಅರ್ಧ ಮಾತ್ರ, ಮೆಲ್ಲಗೆ, ಚಪ್ಪಲಿಗೆ ತಗುಲೀತೆಂಬ ಹಾಗೆ ತೆರೆಯುತ್ತಾಳೆ. ಹಾಗೆ ತೆರೆಯುತ್ತಿರುವುದು ಅವಳಿಗೇ ತಿಳಿದಿಲ್ಲ. ನಾನು ಅದನ್ನು ಅವಳಿಗೆ ಹೇಳಲಾರೆ. ಹೇಳಿದರೆ ಅವಳು ಪೂರ್ತಿ ತೆರೆಯಲು ಕಲಿತುಬಿಟ್ಟಾಳು."

ಚಪ್ಪಲಿಯ ಮಾತು ಅವನಿಗೆ ನೆನಪಿತ್ತು, ಅದನ್ನು ಮರೆಯಲು ಆಗಿರಲಿಲ್ಲ. ಕೊನೆಯ ಸಾಲುಗಳನ್ನು ಮಾತ್ರ ಅವನು ಪೂರ್ತಿಯಾಗಿ ಮರೆತುಬಿಟ್ಟಿದ್ದ. ಅಥವಾ ಅವತ್ತು ಸಿಟ್ಟಿನಲ್ಲಿ ಅಲ್ಲಿಯತನಕ ಓದಿಯೇ ಇರಲಿಲ್ಲವೋ.

"ಕೊಡು ಇಲ್ಲಿ," ಎಂದರು ಅಮ್ಮ. ಕೊಟ್ಟ. ಕಣ್ಣು ಕಾಣದಿದ್ದರೂ ಮುಖದ ಹತ್ತಿರ ಹಿಡಿದರು, ಮೂಸಿದರು, ತೊಡೆಯ ಮೇಲಿಟ್ಟು ಎರಡೂ ಅಂಗೈಯಿಂದ ಸವರಿದರು. ಬೆರಳು ನಿಂತಿತು. ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಸವರಿದರು. "ಇದೇನಿದು, ಇಲ್ಲೆಲ್ಲ ಗುಳ್ಳೆ ಗುಳ್ಳೆ?"

ರಬ್ಬರು ಪೆನ್ಸಿಲನ್ನು ಅಳಿಸಿತ್ತು, ತಗ್ಗನ್ನು ಅಳಿಸಿರಲಿಲ್ಲ. ಇರುವೆಯ ಹೆಜ್ಜೆಯಷ್ಟು ತೆಳುವಾಗಿ ಚುಕ್ಕೆಯಿಡುತ್ತಿದ್ದ ಮನುಷ್ಯ ಆ ಹನ್ನೊಂದು ಸಾಲಿನ ಕೆಳಗೆ ಕಾಗದ ತೂತಾಗುವಷ್ಟು ಒತ್ತಿ ಒತ್ತಿ ಇಟ್ಟಿದ್ದರು. ಇದನ್ನು ಅವನು ನೋಡಿರಲಿಲ್ಲವೇ? ನೋಡಿದ್ದ. "ಅದು ಗುರುತು ಅಮ್ಮ," ಎಂದ. "ನಾನು ಹೊಡೆದು ಹಾಕಿದ್ದೆ. ಮೇಷ್ಟ್ರು ಇದು ಇರಲಿ ಅಂತ ಚುಕ್ಕೆ ಇಟ್ಟಿದ್ರು. ನಾನು ಅಳಿಸಿದೆ."

"ಗಡಿಗೆ?"

"ಗಡಿಗೆ ನಂದು."

ಅವನು ಬೈಗುಳಕ್ಕೆ ಕಾದ, ಅವತ್ತಿನ ಹಾಗೆಯೇ, ಅದೇ ಅಂಚಿನಲ್ಲಿ. ಈ ಸಲ ಉತ್ತರಗಳನ್ನು ಜೋಡಿಸಿಕೊಂಡಿರಲಿಲ್ಲ. ಅಮ್ಮನ ಬೆರಳುಗಳು ಹಾಳೆಯ ಹಿಂಬದಿಯಲ್ಲಿ ಸಾಲಿನಿಂದ ಸಾಲಿಗೆ ಸಾಗುತ್ತಿದ್ದವು, ಕೊನೆಗೆ ಬಂದು ಮತ್ತೆ ಮೊದಲಿಗೆ ಹೋಗುತ್ತಿದ್ದವು. ಕಣ್ಣಿಗೆ ನೀರು ತಾಗಬಾರದೆಂದು ವೈದ್ಯರು ಹೇಳಿದ್ದರು, ಅದಕ್ಕೋ ಏನೋ ಅಮ್ಮ ತಲೆಯನ್ನು ಹಿಂದಕ್ಕೆ ಎತ್ತಿಹಿಡಿದಿದ್ದರು. ಜೋರು ಮಾಡದೆ, ಮನೆಯ ಮಾತನ್ನು ಮನೆಯವನಿಗೆ ಹೇಳುವ ಹಾಗೆ ಹೇಳಿದರು: "ಅವರಿರುವಾಗ ತಂದುಕೊಟ್ಟಿದ್ರೆ, ನೀರು ಕೊಡುವಾಗಲಾದ್ರೂ ಒಂದ್ಸಲ ಮುಖ ನೋಡ್ತಿದ್ದೆ ಕಣೋ."

ಕ್ಷಮಿಸಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಅದು ಎಷ್ಟು ಸಣ್ಣದಾಗಿ ಕಂಡಿತೆಂದರೆ ಅವನು ಅದನ್ನು ನುಂಗಿಕೊಂಡ. ಕೊನೆಯ ದಿನಗಳಲ್ಲಿ ಮೇಷ್ಟ್ರು ಲೋಟಕ್ಕೆ ಕೈ ಚಾಚಿದಾಗ ಅಮ್ಮ ಕಿಟಕಿಯ ಹೊರಗೆ ನೋಡುತ್ತ ಕೊಡುತ್ತಿದ್ದುದನ್ನು ಅವನೇ ಇದೇ ಬೆಂಚಿನಿಂದ ನೋಡಿದ್ದ. ಮೇಷ್ಟ್ರು ಮಾತ್ರ ಅಮ್ಮನನ್ನೇ ನೋಡುತ್ತ ಕುಡಿಯುತ್ತಿದ್ದರು. ಎಲ್ಲ ತಿಳಿದ ಅವನು ಅಲ್ಲಿ ಕೂತಿದ್ದ, ಜೇಬಿನಲ್ಲಿ ಪೆನ್ನು ಇಟ್ಟುಕೊಂಡು.

"ಸಹಿ ಎಲ್ಲಿ?" ಎಂದರು ಅಮ್ಮ. ಅವನು ಬೆರಳಿಟ್ಟು ತೋರಿಸಿದ. ನಾಲ್ಕನೆಯದಕ್ಕೆ, ಆಮೇಲೆ ಐದು, ಆರು, ಏಳಕ್ಕೆ. ಹೆಸರುಗಳನ್ನು ಓದಿಸಿಕೊಳ್ಳಲಿಲ್ಲ. "ಇದನ್ನ ಅವರು ಬರೆದ ಹಾಗೇ ಹಾಕು. ನಿನ್ನ ಗಡಿಗೆ ತೆಗಿ."

"ತೆಗೀತೀನಮ್ಮ. ಯಾಕೆ ಬದಲಾಯ್ತು ಅಂತ ಮುನ್ನುಡೀಲಿ ಬರೀತೀನಿ. ನಾನು ಮಾಡಿದ್ದು ಅಂತ."

"ಬರಿ. ಮೊಣಕೈ ಅಡ್ಡ ಇಟ್ಕೊಬೇಡ." ಹಾಳೆಯನ್ನು ವಾಪಸು ಕೊಡಲಿಲ್ಲ. "ನಕಲು ಮಾಡ್ಕೊಳ್ಳೋಕೆ ನಾಳೆ ಬಾ. ಇವತ್ತು ಇಲ್ಲಿರಲಿ," ಎಂದು, ಎದ್ದು, ಕೈಯಿಂದ ಗಾಳಿಯನ್ನು ತಡಕುತ್ತ ಕುರ್ಚಿಯ ಹತ್ತಿರ ಹೋಗಿ, ಪೇರಿಸಿದ ಬಟ್ಟೆಯನ್ನು ಎತ್ತಿ ನೆಲದ ಮೇಲಿಟ್ಟರು. ಹಾಳೆಯನ್ನು ಕುರ್ಚಿಯ ಮೇಲಿಟ್ಟರು. ಕಿಟಕಿಯ ಗಾಳಿಗೆ ಅದು ಅಲುಗಿತು. ಅಮ್ಮ ಅದರ ಮೇಲೆ ಏನನ್ನೂ ಹೇರಲಿಲ್ಲ, ಕೈ ಒತ್ತಿಕೊಂಡೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕಿಟಕಿ ಹಾಕಿದರು.

ಅವನು ಹೊರಡಲು ಎದ್ದಾಗ ಬೇಡವೆಂದರೂ ಬಾಗಿಲಿಗೆ ಬಂದರು. ಅವನು ಗೋಡೆಯ ಬದಿಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು ನಿಂತ. ಈಗ ಅಮ್ಮನಿಗೆ ತಿಳಿದಿದೆ. ಈಗ ಏನು ಮಾಡುತ್ತಾರೆ? ಚಿಲಕ ತೆಗೆದರು. ಬಾಗಿಲು ಒಂದು ಗೇಣು ಸರಿಯಿತು. ಕೈ ಹಿಡಿಕೆಯ ಮೇಲೆ ನಿಂತಿತು, ಬೆರಳುಗಳು ಒಮ್ಮೆ ಬಿಗಿದವು, ಪೂರ್ತಿ ಎಳೆಯಲು ಹೊರಟ ಹಾಗೆ ಕಂಡಿತು. ಎಳೆಯಲಿಲ್ಲ. "ನಂಗೆ ಕಾಣಲ್ಲ," ಎಂದರು ಅಮ್ಮ. "ಕೆಳಗೆ ಏನಾದ್ರೂ ಅಡ್ಡ ಇದೆಯಾ ನೋಡು."

ಅವನು ಬಗ್ಗಿದ. ಮಂಡಿ ಕಟಕ್ಕೆಂದಿತು. ಬಾಗಿಲ ಹಿಂದಿನ ನೆಲ ಗುಡಿಸಿ ಒರೆಸಿದ್ದರಿಂದ ಹೊಳೆಯುತ್ತಿತ್ತು. ಚಪ್ಪಲಿಗಳನ್ನು ಹುಡುಕಿದ, ಚಿಕ್ಕವು, ಒಂದರ ಮೇಲೊಂದು ಬಿದ್ದವು, ಅವು ಇಲ್ಲದಿರುವುದನ್ನು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದ.

"ಇಲ್ಲಮ್ಮ," ಎಂದ.

ಬಾಗಿಲು ಮೆಲ್ಲಗೆ, ಏನನ್ನೋ ತಳ್ಳಿಕೊಂಡು, ಅರ್ಧಕ್ಕೆ ಬಂದು ನಿಂತಿತು. ಅವನು ಮೈ ಓರೆ ಮಾಡಿ ಹೊರಗೆ ಬಂದ. ಎರಡು ಮೆಟ್ಟಿಲು ಇಳಿದಿದ್ದನೋ ಮೂರೋ, ಗಂಟಲಿನಿಂದ ಒಂದು ಸದ್ದು ಬಂತು. ತನ್ನದೆಂದು ಮೊದಲು ತಿಳಿಯಲಿಲ್ಲ, ಆಮೇಲೆ ಗುರುತು ಸಿಕ್ಕಿತು. ಅದು ಮೊಗಸಾಲೆಯ ಸದ್ದು. ಫೈಲನ್ನು ಎದೆಗೆ ಅವುಚಿಕೊಂಡು, ಗೋಡೆಗೆ ಒರಗಿ, ಹಾಡುಹಗಲಲ್ಲಿ, ಬಾಯಿ ಬಿಟ್ಟು ಓ ಎಂದು ಅತ್ತ. ಕೆಳಗಿನಿಂದ ತರಕಾರಿ ಚೀಲ ಹಿಡಿದು ಹತ್ತಿ ಬರುತ್ತಿದ್ದ ತಾಯಿ ಮಗಳು ಬೆಚ್ಚಿ ನಿಂತರು. "ಯಾರಮ್ಮ ಅದು?" ಎಂದಳು ಹುಡುಗಿ. "ಗೊತ್ತಿಲ್ಲ, ಬಾ," ಎಂದು ತಾಯಿ ಅವಳ ಕೈ ಹಿಡಿದು, ಅವನ ಕಡೆ ನೋಡದೆ, ಗೋಡೆಯ ಆ ಬದಿಯಿಂದ ಹತ್ತಿಸಿಕೊಂಡು ಹೋದಳು.